ಮರೆಯ ಹೋಲ್‌ಸ್ಟರಿಗೆ ನಡುಪಟ್ಟಿ: ವಿನ್ಯಾಸ ಮತ್ತು ವೆಚ್ಚಲೆಕ್ಕದ ಒಂದು ಅಧ್ಯಯನ

ಚರ್ಮದ ಸಾಮಾನುಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರಲ್ಲಿ ಬೆಲ್ಟ್ ಎಂದರೆ ಅತಿ ಸುಲಭದ ಸರಕು ಎಂಬ ಭಾವನೆ ಬೇರೂರಿದೆ. ಒಂದು ಪಟ್ಟಿ, ಒಂದು ಬಕಲ್, ಐದು ತೂತು. ಇದರಲ್ಲಿ ಕಲಿಯುವುದೇನಿದೆ ಎಂದು ಕೇಳುವವರೇ ಹೆಚ್ಚು. ಈ ಭಾವನೆಯಿಂದಲೇ, ಅಮೆರಿಕದ ಖರೀದಿದಾರರೊಬ್ಬರು ಪಿಸ್ತೂಲಿನ ಒರೆಯನ್ನು, ಅರ್ಥಾತ್ ಹೋಲ್‌ಸ್ಟರನ್ನು, ಬಟ್ಟೆಯ ಮರೆಯಲ್ಲಿ ಧರಿಸುವವರಿಗಾಗಿ ಬೆಲ್ಟ್ ಬೇಕೆಂದು ವಿಚಾರಣೆ ಕಳುಹಿಸಿದರೆ, ಸಾಮಾನ್ಯ ಬೆಲ್ಟಿನ ದರಕ್ಕೆ ಅಷ್ಟಿಷ್ಟು ಸೇರಿಸಿ ದರಪಟ್ಟಿ ಕಳುಹಿಸುವುದು ರೂಢಿಯಾಗಿದೆ. ಹೀಗೆ ಕಳುಹಿಸಿದ ದರದಲ್ಲಿ ಲಾಭವಿದೆಯೇ ನಷ್ಟವಿದೆಯೇ ಎಂಬುದು ವರ್ಷಾಂತ್ಯದ ಲೆಕ್ಕಪತ್ರದಲ್ಲಿ ಕಾಣಿಸುವಷ್ಟರಲ್ಲಿ ಎರಡನೆಯ ಆರ್ಡರೂ ರವಾನೆಯಾಗಿರುತ್ತದೆ.

ವಾಸ್ತವದಲ್ಲಿ ಈ ಬೆಲ್ಟ್ ಉಡುಪಿನ ಅಲಂಕಾರವಲ್ಲ, ಭಾರ ಹೊರುವ ಒಂದು ಸಾಧನ. ಅದರ ವಿನ್ಯಾಸದ ಪ್ರತಿಯೊಂದು ನಿರ್ಧಾರವೂ ವೆಚ್ಚಪಟ್ಟಿಯ ಒಂದೊಂದು ಸಾಲಾಗಿ ಪರಿಣಮಿಸುತ್ತದೆ. ಆದ್ದರಿಂದ ಪ್ರಸ್ತುತ ಲೇಖನದಲ್ಲಿ ಮೊದಲು ಸರಕಿನ ಸ್ವರೂಪವನ್ನೂ ಬಳಿಕ ಅದರ ವೆಚ್ಚವನ್ನೂ ಪರಿಶೀಲಿಸಲಾಗಿದೆ. ಆಯುಧ ಧರಿಸುವುದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿಯ ವಿಷಯವಲ್ಲ.

ಮಾರುಕಟ್ಟೆ ಎಲ್ಲಿದೆ?

ನಮ್ಮ ದೇಶದಲ್ಲಿ 1959ರ ಆಯುಧ ಅಧಿನಿಯಮ ಮತ್ತು 2016ರ ಆಯುಧ ನಿಯಮಗಳ ಅನ್ವಯ ಪರವಾನಗಿಯಿಲ್ಲದೆ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಪರವಾನಗಿಯೂ ಸುಲಭದಲ್ಲಿ ದೊರೆಯುವುದಿಲ್ಲ. ಆದಕಾರಣ ಒಳನಾಡಿನ ಬೇಡಿಕೆ ಅತ್ಯಲ್ಪ. ಕೊಡಗಿನವರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೆಲವರು ಉದಾಹರಿಸಬಹುದು. ಆದರೆ ಅದು ಹೆಗಲ ಮೇಲಿನ ಕೋವಿಯ ಸಂಪ್ರದಾಯ, ನಡುವಿನ ಮರೆಯ ಪಿಸ್ತೂಲಿನದಲ್ಲ. ಹಾಗೆ ನೋಡಿದರೆ ಕೊಡವರ ಉಡುಪಿನಲ್ಲಿ ಸೊಂಟಕ್ಕೆ ಸುತ್ತುವ ಚೇಲೆ, ಅದರ ಮುಂಭಾಗದಲ್ಲಿ ಸಿಕ್ಕಿಸುವ ಪೀಚೆಕತ್ತಿ, ಬೆನ್ನ ಕಡೆ ಒಡಿಕತ್ತಿಯನ್ನು ಹಿಡಿದಿಡುವ ಲೋಹದ ತೋಡಂಗ್, ಇವು ಭಾರವನ್ನು ನಡುವಿನ ಸುತ್ತ ಹಂಚಿ ಹೊರುವ ಉಪಾಯವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು ಎಂಬುದಕ್ಕೆ ಸಾಕ್ಷಿ. ಸಂತೆಗೆ ಹೋಗುವ ವ್ಯಾಪಾರಿ ಅಂಗಿಯ ಒಳಗೆ ಕಟ್ಟಿಕೊಳ್ಳುತ್ತಿದ್ದ ಹಮ್ಮಿಣಿಯಾದರೋ ಮರೆಯಲ್ಲಿ ಬೆಲೆಬಾಳುವುದನ್ನು ಒಯ್ಯುವ ಕಲೆಯೇ ಸರಿ.

ನಿಜವಾದ ಮಾರುಕಟ್ಟೆ ಇರುವುದು ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ. ಫ್ಲಾರಿಡಾ ರಾಜ್ಯವು 1987ರಲ್ಲಿ, ಅರ್ಹತೆಯುಳ್ಳ ಅರ್ಜಿದಾರನಿಗೆ ಮರೆಯಲ್ಲಿ ಪಿಸ್ತೂಲು ಧರಿಸುವ ಪರವಾನಗಿಯನ್ನು ನಿರಾಕರಿಸಬಾರದೆಂಬ ಕಾಯಿದೆ ತಂದ ಬಳಿಕ ಅನೇಕ ರಾಜ್ಯಗಳು ಅದೇ ದಾರಿ ಹಿಡಿದವು. 2022ರ ಜೂನ್ ತಿಂಗಳಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಬ್ರೂಯೆನ್ ಪ್ರಕರಣದಲ್ಲಿ, ಪರವಾನಗಿಗೆ ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕ್ ರಾಜ್ಯದ ನಿಯಮವನ್ನು ತಳ್ಳಿಹಾಕಿತು. 2024ರ ಅಂತ್ಯದ ವೇಳೆಗೆ 29 ರಾಜ್ಯಗಳಲ್ಲಿ ಪರವಾನಗಿಯೇ ಇಲ್ಲದೆ ಮರೆಯಲ್ಲಿ ಧರಿಸಲು ಅವಕಾಶವಿತ್ತು. ಇವರು ಪೊಲೀಸರಲ್ಲ, ಸೈನಿಕರಲ್ಲ. ಕಚೇರಿಗೆ ಹೋಗುವವರು, ಅಂಗಡಿ ನಡೆಸುವವರು, ಕಾರಿನಲ್ಲಿ ದಿನವಿಡೀ ಕುಳಿತಿರುವವರು. ಅವರಿಗೆ ಬೇಕಾದುದು ದಿನಕ್ಕೆ 12 ಗಂಟೆ ಧರಿಸಿದರೂ ನೋಯದ ಮತ್ತು ಪಕ್ಕದಲ್ಲಿ ನಿಂತವನಿಗೂ ಸಾಮಾನ್ಯ ಬೆಲ್ಟಿನಂತೆಯೇ ಕಾಣುವ ಒಂದು ಪಟ್ಟಿ. ಸುಖ ಮತ್ತು ಮರೆ, ಇವೆರಡೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ ಎಂಬುದೇ ವಿನ್ಯಾಸದ ತೊಡಕು.

ಭಾರದ ಲೆಕ್ಕ

ಸಾಮಾನ್ಯವಾಗಿ ಧರಿಸಲಾಗುವ ಗ್ಲಾಕ್ 19 ಮಾದರಿಯ ಪಿಸ್ತೂಲು ಗುಂಡು ತುಂಬಿದಾಗ ಸುಮಾರು 850 ಗ್ರಾಂ ತೂಗುತ್ತದೆ. ಹಳೆಯ ಕೋಲ್ಟ್ 1911 ಖಾಲಿಯಿದ್ದಾಗಲೇ ಸುಮಾರು 1.1 ಕಿಲೋಗ್ರಾಂ. ಚಿಕ್ಕ ರಿವಾಲ್ವರುಗಳಲ್ಲಿ 400 ಗ್ರಾಂ ಆಸುಪಾಸಿನವೂ ಉಂಟು. ಇಷ್ಟು ಭಾರವನ್ನು ಯಾವ ಬೆಲ್ಟಾದರೂ ಹರಿಯದೆ ಹೊರಬಲ್ಲದು ಎಂಬುದು ನಿಜ. ತೊಂದರೆ ಇರುವುದು ಹರಿಯುವುದರಲ್ಲಿ ಅಲ್ಲ, ಮಗುಚುವುದರಲ್ಲಿ.

ಹೋಲ್‌ಸ್ಟರಿನ ಭಾರವು ಬೆಲ್ಟಿನ ನೇರ ಕೆಳಗೆ ತೂಗುವುದಿಲ್ಲ; ದೇಹದಿಂದ ಸ್ವಲ್ಪ ಹೊರಗೆ ನಿಂತಿರುತ್ತದೆ. ಈ ಅಂತರವನ್ನು 3 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. 850 ಗ್ರಾಂ ಭಾರ 3 ಸೆಂಟಿಮೀಟರ್ ದೂರದಲ್ಲಿ ನಿಂತರೆ ತಿರುಚುವ ಬಲ 2,550 ಗ್ರಾಂ-ಸೆಂಟಿಮೀಟರ್. ಇದು ಬೆಲ್ಟಿನ ಮೇಲಂಚನ್ನು ಹೊರಕ್ಕೆ ಎಳೆಯುತ್ತದೆ, ಕೆಳಂಚನ್ನು ಸೊಂಟದ ಮಾಂಸದೊಳಕ್ಕೆ ಒತ್ತುತ್ತದೆ. ಬೆಲ್ಟಿನ ಅಗಲ 38 ಮಿಲಿಮೀಟರ್ ಇದ್ದರೆ ಪ್ರತಿ ಅಂಚಿನ ಪಾಲಿಗೆ ಸುಮಾರು 671 ಗ್ರಾಂ ಬೀಳುತ್ತದೆ. 32 ಮಿಲಿಮೀಟರ್ ಇದ್ದರೆ ಸುಮಾರು 797 ಗ್ರಾಂ. ಕೇವಲ 6 ಮಿಲಿಮೀಟರ್ ಅಗಲ ಕಡಿಮೆಯಾದುದರಿಂದ ಅಂಚಿನ ಒತ್ತಡ ಶೇಕಡಾ 19ರಷ್ಟು ಏರಿತು. ಅಮೆರಿಕದಲ್ಲಿ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್, ಏಕೆ ವಾಡಿಕೆಯ ಅಗಲವಾಯಿತು ಎಂಬುದಕ್ಕೆ ಉತ್ತರ ಇಲ್ಲಿದೆ. ಅದಕ್ಕಿಂತ ಅಗಲವಾದರೆ ಪ್ಯಾಂಟಿನ ಲೂಪುಗಳಲ್ಲಿ ನುಸುಳುವುದು ಕಷ್ಟ. ಹೋಲ್‌ಸ್ಟರಿನ ಕೊಕ್ಕೆಗಳೂ ಬಹುತೇಕ ಒಂದೂವರೆ ಅಥವಾ ಒಂದೂ ಮುಕ್ಕಾಲು ಇಂಚಿನ ಪಟ್ಟಿಗೆಂದೇ ತಯಾರಾಗುತ್ತವೆ. ಕಚೇರಿ ಉಡುಪಿಗೆಂದು ಒಂದೂ ಕಾಲು ಇಂಚಿನದನ್ನು ಕೇಳುವವರು ಇದ್ದಾರೆ. ಅಂಥವರಿಗೆ ಹಗುರ ಆಯುಧಕ್ಕೆ ಮಾತ್ರ ಎಂದು ಸ್ಪಷ್ಟವಾಗಿ ನಮೂದಿಸಿಯೇ ಮಾರಬೇಕು.

ಕೊಕ್ಕೆಯ ಪ್ರಸ್ತಾಪ ಬಂದುದರಿಂದ ಸುರಕ್ಷತೆಯ ಮಾತನ್ನು ಇಲ್ಲಿಯೇ ಹೇಳಬೇಕು. ಹೋಲ್‌ಸ್ಟರಿನ ಕೊಕ್ಕೆ ಬೆಲ್ಟಿನ ಕೆಳಂಚಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಬೆಲ್ಟ್ ತೆಳುವಾಗಿ ಮಡಿಚಿಕೊಂಡರೆ ಕೊಕ್ಕೆ ಜಾರುತ್ತದೆ. ಪಿಸ್ತೂಲನ್ನು ಎಳೆದಾಗ ಹೋಲ್‌ಸ್ಟರೂ ಜೊತೆಗೆ ಕಿತ್ತು ಬರುತ್ತದೆ. ಒರೆ ಸಡಿಲವಾಗಿ ಕೈಯಲ್ಲಿ ಜೋತಾಡುತ್ತಿರುವಾಗ ಗಾಬರಿಯಲ್ಲಿ ಬೆರಳು ಎಲ್ಲಿ ಹೋಗುತ್ತದೆ ಎಂದು ಹೇಳಲಾಗದು. ಮೆತ್ತಗಾದ ಹಳೆಯ ಚರ್ಮದ ಒರೆಯ ಅಂಚು ಒಳಮಡಿಚಿ, ಪಿಸ್ತೂಲನ್ನು ಮರಳಿ ಇಡುವಾಗ ಟ್ರಿಗರನ್ನು ಒತ್ತಿ ಗುಂಡು ಹಾರಿದ ಪ್ರಸಂಗಗಳು ಆ ವೃತ್ತಿಯಲ್ಲಿ ಚೆನ್ನಾಗಿ ಗೊತ್ತಿರುವ ಅಪಾಯ. ಸರಕಿನ ದೋಷದಿಂದ ಗಾಯಗೊಂಡವನು ಅಮೆರಿಕದಲ್ಲಿ ಮಾರಾಟಗಾರನ ಮೇಲಷ್ಟೇ ಅಲ್ಲ, ತಯಾರಕನ ಮೇಲೂ ದಾವೆ ಹೂಡಬಹುದು. ಬೆಲ್ಟಿನ ಆರ್ಡರಿನ ಜೊತೆ ಉತ್ಪನ್ನ ಹೊಣೆಗಾರಿಕೆಯ ವಿಮೆಯ ಪ್ರಮಾಣಪತ್ರವನ್ನು ಖರೀದಿದಾರನು ಕೇಳಿದರೆ ಅದನ್ನು ಕಾಟಾಚಾರವೆಂದು ತಿಳಿಯಬಾರದು.

ಬಿಗಿ ಎಲ್ಲಿ, ಬಾಗು ಎಲ್ಲಿ

ಈ ಬೆಲ್ಟಿಗೆ ಎರಡು ಬಗೆಯ ಗುಣ ಬೇಕು. ಅಗಲದ ದಿಕ್ಕಿನಲ್ಲಿ ಅದು ಹಲಗೆಯಂತೆ ಬಿಗಿಯಾಗಿರಬೇಕು. ಉದ್ದದ ದಿಕ್ಕಿನಲ್ಲಿ ಸೊಂಟದ ದುಂಡಿಗೆ ಬಾಗಬೇಕು. ಒಂದನ್ನು ಸಾಧಿಸಹೋದರೆ ಇನ್ನೊಂದು ಕೆಡುತ್ತದೆ. ಹರಳೆಣ್ಣೆ ಕುಡಿಸಿ ಮೆತ್ತಗೆ ಮಾಡಿದ ಬೆಲ್ಟ್ ಮೊದಲ ದಿನ ಹಿತವೆನಿಸಿ ಮೂರನೆಯ ತಿಂಗಳಿಗೆ ಹಗ್ಗವಾಗುತ್ತದೆ. ಉಕ್ಕಿನ ಪಟ್ಟಿ ತುರುಕಿದ ಬೆಲ್ಟ್ ಹಗ್ಗವಾಗುವುದಿಲ್ಲ, ಆದರೆ ಕುಳಿತಾಗ ಪಕ್ಕೆಲುಬಿಗೆ ಒತ್ತುತ್ತದೆ.

ಎರಡು ಪದರಗಳ ಚರ್ಮವೇ ಈ ವೃತ್ತಿಯ ಹಳೆಯ ಪರಿಹಾರ, ಈಗಲೂ ಉತ್ತಮವಾದದ್ದು. ಇದರ ಹಿಂದಿನ ತರ್ಕ ಗಮನಿಸತಕ್ಕದ್ದು. ಪಟ್ಟಿಯ ಬಿಗಿತವು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 3 ಮಿಲಿಮೀಟರಿನ ಎರಡು ಪದರಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಬಿಗಿತ ಇಮ್ಮಡಿಯಷ್ಟೇ. ಅವನ್ನೇ ಪೂರ್ತಿಯಾಗಿ ಅಂಟಿಸಿ ಹೊಲಿದು ಒಂದೇ 6 ಮಿಲಿಮೀಟರಿನ ಪಟ್ಟಿಯಂತೆ ವರ್ತಿಸುವ ಹಾಗೆ ಮಾಡಿದರೆ ತಾತ್ವಿಕವಾಗಿ ಎಂಟು ಪಟ್ಟು. ಚರ್ಮದ ಪ್ರಮಾಣ ಒಂದೇ, ಬೆಲೆಯೂ ಒಂದೇ. ವ್ಯತ್ಯಾಸವೆಲ್ಲ ಅಂಟು ಮತ್ತು ಹೊಲಿಗೆಯಲ್ಲಿ. ಅಂಟಿನಲ್ಲಿ ಐದು ರೂಪಾಯಿ ಉಳಿಸುವವನು ಬಿಗಿತದ ಮುಕ್ಕಾಲು ಪಾಲನ್ನು ಕಳೆದುಕೊಳ್ಳುತ್ತಾನೆ. ಈ ಒಂದು ವಾಕ್ಯವನ್ನು ಖರೀದಿ ವಿಭಾಗದ ಗೋಡೆಗೆ ಅಂಟಿಸಿದರೂ ತಪ್ಪಿಲ್ಲ, ಒಳ್ಳೆಯ ಅಂಟಿನಿಂದ.

ಅಂಟಿಸುವ ವಿಧಾನದಲ್ಲಿಯೂ ಒಂದು ಸೂಕ್ಷ್ಮವಿದೆ. ಎರಡು ಪದರಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಅಂಟಿಸಿ ಬಳಿಕ ಸೊಂಟಕ್ಕೆ ಬಗ್ಗಿಸಿದರೆ ಒಳಪದರ ಸುಕ್ಕುಗಟ್ಟುತ್ತದೆ, ಏಕೆಂದರೆ ಒಳವೃತ್ತ ಚಿಕ್ಕದು. ಪದರಗಳ ಮಧ್ಯರೇಖೆಗಳ ನಡುವಣ ಅಂತರ 3 ಮಿಲಿಮೀಟರ್ ಆಗಿದ್ದರೆ, ಪೂರ್ಣ ಸುತ್ತಿಗೆ ಹೊರಪದರ ಒಳಪದರಕ್ಕಿಂತ ಸುಮಾರು 19 ಮಿಲಿಮೀಟರ್ ಉದ್ದವಿರಬೇಕು. ಸೊಂಟ ಸಣ್ಣದಿರಲಿ ದೊಡ್ಡದಿರಲಿ ಈ ವ್ಯತ್ಯಾಸ ಒಂದೇ. ಆದ್ದರಿಂದ ಬಲ್ಲವರು ಪಟ್ಟಿಯನ್ನು ಬಾಗಿಸಿ ಹಿಡಿದುಕೊಂಡೇ ಅಂಟಿಸುತ್ತಾರೆ. ಇದಕ್ಕೆ ದುಂಡನೆಯ ಮರದ ಅಚ್ಚೊಂದಿದ್ದರೆ ಸಾಕು. ಯಂತ್ರ ಬೇಡ, ಆದರೆ ಸಮಯ ಬೇಕು. ಆ ಸಮಯ ಮುಂದೆ ವೆಚ್ಚಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಚರ್ಮದ ಆಯ್ಕೆಯಲ್ಲಿ ಸಸ್ಯಮೂಲದ ತೊಗಟೆ-ಕಾಯಿಗಳಿಂದ ಹದಮಾಡಿದ ದಪ್ಪ ಚರ್ಮವೇ ಸೂಕ್ತ. ಅಣಲೆಕಾಯಿ, ತಂಗಡಿ ತೊಗಟೆ, ಜಾಲಿ ತೊಗಟೆಗಳಿಂದ ಹದಮಾಡುವ ವಿದ್ಯೆ ದಕ್ಷಿಣ ಭಾರತಕ್ಕೆ ಹೊಸದಲ್ಲ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಕುಶಲಕರ್ಮಿಗಳ ಕೈಯಲ್ಲಿ ಇಂಥ ಚರ್ಮ ಇಂದಿಗೂ ಪಳಗಿದೆ. ಕ್ರೋಮ್ ಹದದ ಚರ್ಮ ಅಗ್ಗ ಮತ್ತು ಮೃದು. ಆ ಮೃದುತ್ವವೇ ಇಲ್ಲಿ ದೋಷ. ಜೊತೆಗೆ, ಚರ್ಮದಲ್ಲಿ ಷಡ್‌ವೇಲೆನ್ಸಿ ಕ್ರೋಮಿಯಂ ಉಳಿದಿದ್ದರೆ ಯೂರೋಪಿನಲ್ಲಿ 2015ರ ಮೇ 1ರಿಂದ ಕಿಲೋಗ್ರಾಂಗೆ 3 ಮಿಲಿಗ್ರಾಂ ಮಿತಿ ಜಾರಿಯಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಪ್ರಪೊಸಿಷನ್ 65 ಎಂಬ ಕಾಯಿದೆಯಡಿ ಎಚ್ಚರಿಕೆ ಚೀಟಿಯ ಪ್ರಶ್ನೆ ಏಳುತ್ತದೆ. ಪಟ್ಟಿಗಳನ್ನು ತೊಗಲಿನ ಬೆನ್ನಿನ ಭಾಗದಿಂದ, ಬೆನ್ನುಮೂಳೆಗೆ ಸಮಾನಾಂತರವಾಗಿ ಕತ್ತರಿಸಬೇಕು. ಹೊಟ್ಟೆಯ ಭಾಗದ ಚರ್ಮ ನಾರು ಸಡಿಲವಾಗಿದ್ದು ಹಿಗ್ಗುತ್ತದೆ. ಅದು ಈ ಕೆಲಸಕ್ಕೆ ಬಾರದು. ಬಳಕೆಯಾಗದ ಈ ಭಾಗವನ್ನು ಬೇರೆ ಸರಕಿಗೆ ತಿರುಗಿಸುವ ದಾರಿ ಮೊದಲೇ ಇರದಿದ್ದರೆ ಲೆಕ್ಕ ತಪ್ಪುತ್ತದೆ.

ಅಮೆರಿಕದ ಆರ್ಡರುಗಳಲ್ಲಿ ಚರ್ಮದ ದಪ್ಪವನ್ನು ಔನ್ಸಿನಲ್ಲಿ ಬರೆಯುತ್ತಾರೆ. ಅದು ತೂಕವಲ್ಲ. ಒಂದು ಔನ್ಸ್ ಎಂದರೆ ಇಂಚಿನ 64ನೆಯ ಒಂದು ಭಾಗ, ಸುಮಾರು 0.4 ಮಿಲಿಮೀಟರ್. 8-9 ಔನ್ಸ್ ಎಂದಿದ್ದರೆ 3.2ರಿಂದ 3.6 ಮಿಲಿಮೀಟರ್ ಎಂದು ಓದಿಕೊಳ್ಳತಕ್ಕದ್ದು.

ಇನ್ನು ಎರಡು ಪದರಗಳ ನಡುವೆ ತೆಳುವಾದ ಸ್ಪ್ರಿಂಗ್ ಉಕ್ಕು ಅಥವಾ ಪ್ಲಾಸ್ಟಿಕ್ ಪಟ್ಟಿಯನ್ನು ಇಡುವ ಕ್ರಮವೂ ಉಂಟು. ಇದರಿಂದ ಒಟ್ಟು ದಪ್ಪವನ್ನು 5 ಮಿಲಿಮೀಟರಿಗೆ ಇಳಿಸಬಹುದು. ನೋಟಕ್ಕೆ ಸಾಮಾನ್ಯ ಬೆಲ್ಟಿಗೆ ಹತ್ತಿರವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಪ್ಲಾಸ್ಟಿಕ್ಕೇ ಲೇಸು: ಉಕ್ಕು ಬೆವರಿಗೆ ತುಕ್ಕು ಹಿಡಿದರೆ ಒಳಗಿಂದ ಕಲೆ ಮೂಡುತ್ತದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿಯೂ ಅನಗತ್ಯ ಪ್ರಶ್ನೆಗಳು ಹುಟ್ಟುತ್ತವೆ. ನೈಲಾನ್ ನೇಯ್ಗೆಯ ಬೆಲ್ಟುಗಳು ಬೇರೆಯೇ ವರ್ಗ. ಬಾಳಿಕೆಯಲ್ಲಿ ಅವು ಚರ್ಮಕ್ಕೆ ಕಡಿಮೆಯಿಲ್ಲ, ಆದರೆ ಕೋಟಿನ ಕೆಳಗೆ ಕಂಡರೆ ಸೈನಿಕ ಸಾಮಗ್ರಿಯಂತೆ ತೋರುವುದರಿಂದ ಮರೆಯ ಉದ್ದೇಶವೇ ಕೆಡುತ್ತದೆ.

ಸುಖ ಎಂಬುದು ಅಳೆಯಬಹುದಾದ ವಸ್ತು

ನಿಂತಾಗಿನ ಸೊಂಟವೂ ಕುಳಿತಾಗಿನ ಸೊಂಟವೂ ಒಂದೇ ಅಲ್ಲ. ಊಟದ ಮುನ್ನ ಮತ್ತು ಊಟದ ಬಳಿಕ ಎಂಬ ವ್ಯತ್ಯಾಸವನ್ನು ನಾವೆಲ್ಲ ಬಲ್ಲೆವು. ಸಾಮಾನ್ಯ ಬೆಲ್ಟಿನಲ್ಲಿ ತೂತುಗಳ ನಡುವೆ ಒಂದು ಇಂಚಿನ ಅಂತರ ಇರುತ್ತದೆ. ಭಾರ ಹೊರುವ ಬೆಲ್ಟಿನಲ್ಲಿ ಇದು ಹೆಚ್ಚಾಯಿತು: ಒಂದು ತೂತು ಸಡಿಲವಾದರೆ ಆಯುಧ ಜೋಲುತ್ತದೆ, ಒಂದು ತೂತು ಬಿಗಿಯಾದರೆ ಉಸಿರು ಕಟ್ಟುತ್ತದೆ. ಆದ್ದರಿಂದ ಮುಕ್ಕಾಲು ಇಂಚಿನ ಅಂತರದಲ್ಲಿ ಏಳು ತೂತುಗಳನ್ನು ಇಡುವ ಕ್ರಮ ಬಂದಿದೆ. ಇದಕ್ಕಿಂತ ಮುಂದೆ ಹೋದದ್ದು ಹಲ್ಲುಪಟ್ಟಿಯ ರಾಚೆಟ್ ಬೆಲ್ಟ್. ಅದರಲ್ಲಿ ತೂತೇ ಇಲ್ಲ. ಒಳಬದಿಯ ಹಲ್ಲುಗಳ ಮೇಲೆ ಬಕಲ್ ಕಾಲು ಇಂಚಿನಷ್ಟು ಸೂಕ್ಷ್ಮವಾಗಿ ಜರುಗಿ ನಿಲ್ಲುತ್ತದೆ. ಇಂಥ ಬಕಲುಗಳ ವಿನ್ಯಾಸ ತಯಾರಿಸುವ ಮುನ್ನ ಅಮೆರಿಕದ ಪೇಟೆಂಟುಗಳನ್ನು ಪರಿಶೀಲಿಸುವುದು ಅವಶ್ಯ.

ಅತಿ ಬಿಗಿಯಾದ ಬೆಲ್ಟ್ ತೊಡೆಯ ಹೊರಬದಿಗೆ ಹೋಗುವ ನರವನ್ನು ಒತ್ತಿ ಜೋಮು, ಉರಿ ಉಂಟುಮಾಡಬಹುದೆಂಬುದು ವೈದ್ಯರಿಗೆ ತಿಳಿದ ಸಂಗತಿ. ಬೆಲ್ಟ್ ಮೆತ್ತಗಿದ್ದಷ್ಟೂ ಧರಿಸುವವನು ಜೋಲುವಿಕೆಯನ್ನು ತಡೆಯಲು ಅದನ್ನು ಇನ್ನಷ್ಟು ಬಿಗಿಯುತ್ತಾನೆ. ಹೀಗಾಗಿ ಸರಿಯಾದ ಬಿಗಿತವುಳ್ಳ ಪಟ್ಟಿಯೇ ಅಂತಿಮವಾಗಿ ಹೆಚ್ಚು ಹಿತ. ಗ್ರಾಹಕನಿಗೆ ಮೊದಲ ದಿನ ಇದು ತಿಳಿಯುವುದಿಲ್ಲ.

ಮನುಷ್ಯನ ಸೊಂಟ ಕೊಳವೆಯಲ್ಲ. ಕೆಳಗೆ ಅಗಲವಾಗುತ್ತ ಹೋಗುತ್ತದೆ. ನೇರವಾಗಿ ಕತ್ತರಿಸಿದ ಪಟ್ಟಿಯ ಕೆಳಂಚು ಸೊಂಟದ ಮೂಳೆಯ ಮೇಲೆ ಕೂರುತ್ತದೆ. ಸ್ವಲ್ಪ ಕಮಾನಿನಂತೆ ಬಾಗಿಸಿ ಕತ್ತರಿಸಿದ ಪಟ್ಟಿ ಇಡೀ ಅಗಲವನ್ನೂ ಸಮನಾಗಿ ಊರುತ್ತದೆ. ಮಹಿಳೆಯರಿಗಂತೂ ಇದು ಬಹುಮಟ್ಟಿಗೆ ಅನಿವಾರ್ಯ. ಆದರೆ ಕಮಾನು ಪಟ್ಟಿಗಳನ್ನು ತೊಗಲಿನಲ್ಲಿ ನೇರ ಪಟ್ಟಿಗಳಂತೆ ಒತ್ತಾಗಿ ಜೋಡಿಸಲಾಗದು, ಚೂರು ಹೆಚ್ಚು. ಒಳಬದಿಯ ಅಂಚುಗಳನ್ನು ಕೆರೆದು ದುಂಡಗೆ ಮಾಡುವುದು ಮಾತ್ರ ಎಲ್ಲ ಮಾದರಿಗಳಿಗೂ ಕಡ್ಡಾಯ. ಎರಡು ನಿಮಿಷದ ಈ ಕೆಲಸ ಬಿಟ್ಟುಹೋದರೆ ಉಳಿದ ಎಲ್ಲ ವಿನ್ಯಾಸವೂ ವ್ಯರ್ಥ.

ಬಕಲಿಗೆ ಸತುವಿನ ಅಚ್ಚೆರಕದ ಬದಲು ಘನ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಉಕ್ಕು ಇರಲಿ. ನಿಕ್ಕಲ್ ಲೇಪನ ಚರ್ಮಕ್ಕೆ ತಾಗಿ ತುರಿಕೆಯಾಗುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಮರೆಯ ವಿಚಾರದಲ್ಲಿ ಹೇಳುವುದು ಕಡಿಮೆ. ಆಯುಧದ ಆಕಾರ ಅಂಗಿಯ ಮೇಲೆ ಅಚ್ಚೊತ್ತಿದಂತೆ ಮೂಡಬಾರದು ಎಂಬುದೇ ಧರಿಸುವವನ ಮುಖ್ಯ ಚಿಂತೆ. ಅದನ್ನು ಸಾಧಿಸುವುದು ಆಯುಧವನ್ನು ದೇಹಕ್ಕೆ ಒತ್ತಿ ಹಿಡಿಯುವ ಬಿಗಿಯಾದ ಬೆಲ್ಟ್. ಉಳಿದಂತೆ ಕಪ್ಪು ಅಥವಾ ಕಂದು ಬಣ್ಣ, ಚರ್ಮದ ಬಣ್ಣದ್ದೇ ದಾರ, ಆಡಂಬರವಿಲ್ಲದ ಬಕಲ್. ಸೊಂಟದ ಮುಂಭಾಗದಲ್ಲಿ ಪಿಸ್ತೂಲು ಧರಿಸುವವರು ಬಕಲನ್ನು ಪಕ್ಕಕ್ಕೆ ಸರಿಸಿ ಕಟ್ಟುತ್ತಾರೆ. ಅವರಿಗೆ ಚಪ್ಪಟೆ ಬಕಲ್ ಬೇಕು. ಪಟ್ಟಿಯ ಮೇಲಾಗಲಿ ಪೊಟ್ಟಣದ ಮೇಲಾಗಲಿ ಪಿಸ್ತೂಲಿನ ಚಿತ್ರ ಮುದ್ರಿಸಬಾರದು.

ವೆಚ್ಚಪಟ್ಟಿ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಮೊತ್ತಗಳೆಲ್ಲ ವಿಧಾನವನ್ನು ತೋರಿಸಲು ಇಟ್ಟುಕೊಂಡ ಕಲ್ಪಿತ ಅಂಕಿಗಳು. ತಮ್ಮ ತಮ್ಮ ಅಂಕಿಗಳನ್ನು ಓದುಗರು ತುಂಬಿಕೊಳ್ಳಬೇಕು.

48 ಇಂಚು ಉದ್ದ, ಕತ್ತರಿಸುವಾಗ 1.6 ಇಂಚು ಅಗಲದ ಒಂದು ಪಟ್ಟಿಗೆ 0.533 ಚದರ ಅಡಿ, ಎರಡು ಪದರಕ್ಕೆ 1.07 ಚದರ ಅಡಿ ಚರ್ಮ ಬೇಕು. ತೊಗಲಿನ ಶೇಕಡಾ 65 ಭಾಗ ಮಾತ್ರ ಬಳಕೆಗೆ ಬರುವುದಾದರೆ ಕೊಳ್ಳಬೇಕಾದುದು 1.64 ಚದರ ಅಡಿ. ಚದರ ಅಡಿಗೆ ರೂ. 160ರಂತೆ ರೂ. 262. ಒಳಗಿನ ಬಲಪಟ್ಟಿಗೆ ರೂ. 35, ಬಕಲಿಗೆ ರೂ. 110, ದಾರ-ಅಂಟು-ಅಂಚಿನ ಲೇಪನಕ್ಕೆ ರೂ. 30, ಪ್ಯಾಕಿಂಗಿಗೆ ರೂ. 23. ಒಂದು ಬೆಲ್ಟಿಗೆ 70 ನಿಮಿಷದ ಕೆಲಸ, ಗಂಟೆಗೆ ರೂ. 120ರಂತೆ ಕೂಲಿ ರೂ. 140. ಒಟ್ಟು ನೇರ ವೆಚ್ಚ ರೂ. 600.

ತಪ್ಪು ನಡೆಯುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕಾರ್ಖಾನೆಯಲ್ಲಿ ತಿಂಗಳಿಗೆ 2,000 ಸಾಮಾನ್ಯ ಬೆಲ್ಟುಗಳೂ 500 ಹೋಲ್‌ಸ್ಟರ್ ಬೆಲ್ಟುಗಳೂ ತಯಾರಾಗುತ್ತವೆ, ಬಾಡಿಗೆ-ವಿದ್ಯುತ್ತು-ಮೇಲ್ವಿಚಾರಣೆ ಇತ್ಯಾದಿ ಪರೋಕ್ಷ ವೆಚ್ಚ ರೂ. 1,50,000 ಎಂದು ಭಾವಿಸೋಣ. ಒಟ್ಟು 2,500 ನಗಕ್ಕೆ ಹಂಚಿ ಒಂದಕ್ಕೆ ರೂ. 60 ಎಂದು ಬರೆದುಬಿಡುವುದು ನಮ್ಮ ಸಣ್ಣ ಘಟಕಗಳ ಪರಿಪಾಠ. ಆದರೆ ಸಾಮಾನ್ಯ ಬೆಲ್ಟ್ 20 ನಿಮಿಷದಲ್ಲಿ ಮುಗಿಯುತ್ತದೆ, ಇದು 70 ನಿಮಿಷ ಮೇಜನ್ನು ಹಿಡಿದುಕೊಳ್ಳುತ್ತದೆ. ಸಮಯದ ಆಧಾರದಲ್ಲಿ ಹಂಚಿದರೆ 40,000 ಮತ್ತು 35,000, ಒಟ್ಟು 75,000 ನಿಮಿಷ, ನಿಮಿಷಕ್ಕೆ ರೂ. 2. ಸಾಮಾನ್ಯ ಬೆಲ್ಟಿನ ಪಾಲು ರೂ. 40, ಹೋಲ್‌ಸ್ಟರ್ ಬೆಲ್ಟಿನ ಪಾಲು ರೂ. 140. ಉತ್ಪಾದನಾ ವೆಚ್ಚ ರೂ. 660 ಅಲ್ಲ, ರೂ. 740.

ಅಂತಿಮ ತಪಾಸಣೆಯಲ್ಲಿ 100ಕ್ಕೆ 6 ನಗಗಳು ತಿರಸ್ಕೃತವಾಗಿ ಅವುಗಳಿಂದ ಏನೂ ಗಿಟ್ಟದಿದ್ದರೆ, ಉತ್ತಮ ನಗವೊಂದರ ವೆಚ್ಚ 740ನ್ನು 0.94ರಿಂದ ಭಾಗಿಸಿದಾಗ ಬರುವ ರೂ. 787. ಮುಂದೆ ವಾರಂಟಿ. ಬೆಲ್ಟಿಗೆ ದೀರ್ಘಾವಧಿಯ ಖಾತರಿ ಕೊಡುವುದು ಅಮೆರಿಕದ ಈ ಮಾರುಕಟ್ಟೆಯಲ್ಲಿ ಸಾಮಾನ್ಯ. 100ಕ್ಕೆ 4 ಹಿಂದಿರುಗಿ, ಪ್ರತಿಯೊಂದಕ್ಕೂ ಹೊಸ ಬೆಲ್ಟಿನ ರೂ. 787 ಮತ್ತು ಸಾಗಣೆಯ ರೂ. 600 ತಗುಲಿದರೆ, ಮಾರಿದ ಪ್ರತಿ ಬೆಲ್ಟಿನ ಮೇಲೆ ಸುಮಾರು ರೂ. 56ರ ಹೊರೆ. ಒಟ್ಟು ರೂ. 843. ರೂ. 800ಕ್ಕೆ ಮಾರಿ ರೂ. 140 ಲಾಭವೆಂದು ಹಿಗ್ಗಿದವನು ವಾಸ್ತವವಾಗಿ ಪ್ರತಿ ನಗಕ್ಕೆ ರೂ. 43 ಕೈಯಿಂದ ಕೊಟ್ಟಿದ್ದಾನೆ. ಆರ್ಡರ್ ದೊಡ್ಡದಾದಷ್ಟೂ ಕೊಟ್ಟದ್ದು ಹೆಚ್ಚು. ಇಂಥ ಘಟಕ ಮುಚ್ಚುವಾಗ ಮಾಲೀಕನಿಗಿಂತ ಮೊದಲು ಬೀದಿಗೆ ಬೀಳುವವರು ಹೊಲಿಗೆಯ ಮೇಜಿನವರು.

ವಾರಂಟಿಯ ಬಗ್ಗೆ ಇನ್ನೊಂದು ಮಾತು. ಮಾರಾಟದ ವರ್ಷದಲ್ಲಿಯೇ ಅದಕ್ಕೆ ಅವಕಾಶ ಕಲ್ಪಿಸಬೇಕೆಂಬುದು ಲೆಕ್ಕಪತ್ರ ಮಾನಕ 29ರ ಆಶಯ. ಹೀಗೆ ಕಲ್ಪಿಸಿದ ಮೊತ್ತವು ಹಿಂದಿನ ಅನುಭವದ ಆಧಾರದಲ್ಲಿ ವಿಶ್ವಸನೀಯವಾಗಿ ಅಂದಾಜಿಸಿದ್ದಾದರೆ 1961ರ ಆದಾಯ ತೆರಿಗೆ ಅಧಿನಿಯಮದ 37ನೆಯ ವಿಧಿಯಡಿ ಅದನ್ನು ಕಳೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಅನುಭವದ ಆಧಾರ ಎಂದರೆ ದಾಖಲೆ. ಯಾವ ತಿಂಗಳಿನ ಯಾವ ಬ್ಯಾಚಿನ ಎಷ್ಟು ಬೆಲ್ಟುಗಳು ಯಾವ ದೋಷಕ್ಕೆ ಹಿಂದಿರುಗಿದವು ಎಂಬ ರಿಜಿಸ್ಟರು ಇಲ್ಲದಿದ್ದರೆ ಈ ತೀರ್ಪಿನಿಂದ ಪ್ರಯೋಜನವಿಲ್ಲ. ಅದೇ ರಿಜಿಸ್ಟರು ವಿನ್ಯಾಸವನ್ನು ತಿದ್ದುವುದಕ್ಕೂ ಬೇಕು: ತೂತು ಉದ್ದಕ್ಕೆ ಹಿಗ್ಗಿದ ದೂರುಗಳೇ ಹೆಚ್ಚಿದ್ದರೆ ದೋಷ ಚರ್ಮದ್ದು, ಪದರ ಬಿಟ್ಟುಕೊಂಡವೇ ಹೆಚ್ಚಿದ್ದರೆ ಅಂಟಿನದು.

ಅಳತೆ ಮತ್ತು ದುಡಿಯುವ ಬಂಡವಾಳ

ಹಿಂದಿರುಗುವ ಬೆಲ್ಟುಗಳಲ್ಲಿ ದೋಷವೇ ಇಲ್ಲದವೂ ಇರುತ್ತವೆ; ಅವು ಅಳತೆ ತಪ್ಪಿದವು. ಅಮೆರಿಕದ ಪ್ಯಾಂಟಿನ ಚೀಟಿಯ ಮೇಲೆ 34 ಎಂದಿದ್ದರೆ ಸೊಂಟ 34 ಇಂಚೇ ಎಂದು ನಂಬುವಂತಿಲ್ಲ. ಇದಲ್ಲದೆ ಪ್ಯಾಂಟಿನ ಒಳಗೆ ಹೋಲ್‌ಸ್ಟರ್ ಧರಿಸುವವನಿಗೆ ಒಂದರಿಂದ ಎರಡು ಇಂಚು ಹೆಚ್ಚು ಬೇಕು. ಆದಕಾರಣ, ಈಗ ಬಳಸುತ್ತಿರುವ ಬೆಲ್ಟಿನಲ್ಲಿ ಬಕಲಿನ ಮುಳ್ಳು ಕೂರುವ ಮಡಿಕೆಯಿಂದ ಬಳಕೆಯಲ್ಲಿರುವ ತೂತಿನವರೆಗಿನ ಅಳತೆಯನ್ನೇ ಕೇಳಿ ಪಡೆಯಬೇಕು. ಚಿತ್ರಸಹಿತ ಅಳತೆಪತ್ರವೊಂದನ್ನು ಖರೀದಿದಾರನಿಗೆ ಮೊದಲೇ ಒದಗಿಸುವುದಕ್ಕೆ ಆಗುವ ಖರ್ಚು ಒಂದು ಹಿಂದಿರುಗಿಕೆಗಿಂತ ಕಡಿಮೆ.

ತೂತಿನ ಬೆಲ್ಟಿನಲ್ಲಿ 32ರಿಂದ 50 ಇಂಚಿನವರೆಗೆ ಎರಡೆರಡು ಇಂಚಿಗೊಂದರಂತೆ 10 ಅಳತೆ, ಎರಡು ಬಣ್ಣ, ಎರಡು ಅಗಲ, ಹೀಗೆ 40 ಬಗೆ. ಬಗೆಗೆ ಒಂದು ಡಜನ್ ಇಟ್ಟರೂ 480 ನಗ, ರೂ. 787ರಂತೆ ಸುಮಾರು ರೂ. 3.78 ಲಕ್ಷ ಕಪಾಟಿನಲ್ಲಿ ಮಲಗಿರುತ್ತದೆ. ರಾಚೆಟ್ ಬೆಲ್ಟನ್ನು ಗ್ರಾಹಕನೇ ತನ್ನ ಅಳತೆಗೆ ಕತ್ತರಿಸಿಕೊಳ್ಳುವುದರಿಂದ ಅದೇ ದಾಸ್ತಾನು 4 ಬಗೆಗೆ ಇಳಿಯುತ್ತದೆ. ಬಕಲಿನ ಬೆಲೆ ಹೆಚ್ಚೆಂದು ಈ ಮಾದರಿಯನ್ನು ಕೈಬಿಡುವ ಮುನ್ನ, ದಾಸ್ತಾನಿನ ಮೇಲೆ ತೆರುವ ಬ್ಯಾಂಕಿನ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ರಫ್ತಿನ ಕಾಗದಪತ್ರ

ಚರ್ಮದ ಬೆಲ್ಟ್ ಸುಂಕ ವರ್ಗೀಕರಣದಲ್ಲಿ 4203ನೆಯ ಶೀರ್ಷಿಕೆಯಡಿ ಬರುತ್ತದೆ. ಹೋಲ್‌ಸ್ಟರನ್ನು 4202ರಲ್ಲಿ ಹೆಸರಿಸಿಯೇ ಸೇರಿಸಲಾಗಿದೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕಳುಹಿಸುವವರು ಇನ್‌ವಾಯ್ಸಿನಲ್ಲಿ ಪ್ರತ್ಯೇಕ ಸಾಲುಗಳಲ್ಲಿ ತೋರಿಸುವುದು ಕ್ಷೇಮ. ಸರಕು ಮತ್ತು ಸೇವಾ ತೆರಿಗೆಯಲ್ಲಿ ರಫ್ತು ಶೂನ್ಯ ದರದ ಪೂರೈಕೆಯಾಗಿದ್ದು, ಹಣಕಾಸು ವರ್ಷದ ಆರಂಭದಲ್ಲಿಯೇ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆ ರವಾನಿಸಬಹುದು. ಚರ್ಮ, ಬಕಲುಗಳ ಮೇಲೆ ಕಟ್ಟಿದ ತೆರಿಗೆಯ ಮರುಪಾವತಿಯನ್ನೂ ಕೇಳಬಹುದು.

ಅಮೆರಿಕದ ಆಮದು ಸುಂಕ ಮಾತ್ರ ಈಚೆಗೆ ನಿದ್ದೆ ಕೆಡಿಸಿರುವ ವಿಷಯ. 2025ರ ಆಗಸ್ಟ್ 27ರಿಂದ ಭಾರತದ ಬಹುತೇಕ ಸರಕುಗಳ ಮೇಲೆ ಒಟ್ಟು ಶೇಕಡಾ 50ರ ಹೆಚ್ಚುವರಿ ಸುಂಕ ವಿಧಿಸಿದಾಗ, ಮನೆಬಾಗಿಲಿಗೆ ಸುಂಕಸಹಿತ ತಲುಪಿಸುವ ಷರತ್ತಿಗೆ ಒಪ್ಪಿದ್ದ ರಫ್ತುದಾರರ ಮೇಲೆ ಆ ಹೊರೆ ನೇರವಾಗಿ ಬೀಳುವಂತಾಯಿತು. ಹಡಗಿಗೇರಿಸುವವರೆಗಿನ ದರಕ್ಕೆ ಮಾರಿದವರು ದರ ಇಳಿಸುವ ಒತ್ತಡವನ್ನು ಎದುರಿಸಬೇಕಾದರೂ ಸುಂಕವನ್ನು ತಾವೇ ತೆರಬೇಕಿರಲಿಲ್ಲ. ಆದ್ದರಿಂದ ಸುಂಕದ ದರವನ್ನು ಒಪ್ಪಂದದ ದಿನದಂದೇ ಕಸ್ಟಮ್ಸ್ ದಳ್ಳಾಳಿಯಿಂದ ಲಿಖಿತವಾಗಿ ಪಡೆಯಬೇಕು. ರವಾನೆಗೆ ಮುನ್ನ ದರ ಬದಲಾದರೆ ಭಾರ ಯಾರದ್ದೆಂಬ ವಾಕ್ಯವನ್ನು ಒಪ್ಪಂದದಲ್ಲಿಯೇ ಸೇರಿಸಬೇಕು.

ಮಾದರಿ ಕಳುಹಿಸುವ ಮೊದಲು ಕಾರ್ಖಾನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಇದಕ್ಕೆ ಪ್ರಯೋಗಾಲಯ ಬೇಡ. ಸೊಂಟದ ಅಳತೆಯ ಮರದ ದಿಮ್ಮಿಗೆ ಬೆಲ್ಟನ್ನು ಬಿಗಿದು, ಒಂದು ಪಕ್ಕಕ್ಕೆ ಖರೀದಿದಾರನು ಸೂಚಿಸಿದ ಹೋಲ್‌ಸ್ಟರನ್ನೇ ಸಿಕ್ಕಿಸಿ ಅದರಲ್ಲಿ ಒಂದು ಕಿಲೋಗ್ರಾಂ ಭಾರವಿಟ್ಟು ಮೂರು ದಿನ ಬಿಡುವುದು. ಮೇಲಂಚು ದಿಮ್ಮಿಯಿಂದ ಎಷ್ಟು ಹೊರಬಂದಿದೆ, ಪದರಗಳು ಎಲ್ಲಿಯಾದರೂ ಬಿಟ್ಟಿವೆಯೇ, ತೂತು ದುಂಡಗೆ ಉಳಿದಿದೆಯೇ ಎಂದು ಅಳೆದು ಬರೆದಿಡುವುದು. ಬಳಿಕ ಉಪ್ಪುನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯನ್ನು ಒಳಬದಿಗೆ ಸುತ್ತಿ ಇದನ್ನೇ ಇನ್ನೊಮ್ಮೆ ಮಾಡುವುದು. ಹೀಗೆ ಪ್ರತಿ ಬ್ಯಾಚಿನಿಂದ ಒಂದೊಂದು ಬೆಲ್ಟನ್ನು ಪರೀಕ್ಷಿಸಿ, ಬ್ಯಾಚಿನ ಸಂಖ್ಯೆ ಬರೆದು ಕಪಾಟಿನಲ್ಲಿ ಇರಿಸಿದರೆ, ಮುಂದೆ ದೂರು ಬಂದ ದಿನ ಹೋಲಿಸಿ ನೋಡಲು ಆ ಬೆಲ್ಟೇ ದೊರೆಯುತ್ತದೆ.